ಮೊಳೆ ಹೊಡೆಯುವ ಸದ್ದು

"ಮೇಡಂ, ಈ ಕಿಟಕಿ ಬರ್ತಾ ಇಲ್ಲ."

ಅವಳು ತಲೆಯ ಮೇಲಿನ ಹೆಲ್ಮೆಟ್ ಸರಿಮಾಡಿಕೊಂಡು ಅವನನ್ನೇ ನೋಡಿದಳು. ಈ ಮಾತನ್ನು ನಿನ್ನೆಯೂ ಕೇಳಿದ್ದಳು, ಮೊನ್ನೆಯೂ ಕೇಳಿದ್ದಳು.

"ಬರ್ತಾ ಇಲ್ಲ ಅಂದ್ರೆ? ಮುನಿಸಿಕೊಂಡಿದೆಯಾ?"

"ಹಾಗೇ ಕಾಣುತ್ತೆ. ಹಳೇ ಮರ ನೋಡಿ. ಒರಟಾಗಿ ಎಳೆದ್ರೆ ಸೀಳು ಬಿಡುತ್ತೆ. ಸ್ವಲ್ಪ ಪುಸಲಾಯಿಸ್ಬೇಕು."

"ಎಷ್ಟು ದಿನ ಪುಸಲಾಯಿಸ್ತೀರಿ?"

"ಅದು ಅದರ ಮನಸ್ಸು ನೋಡಿ ಹೇಳ್ಬೇಕು," ಎಂದ ಅವನು. ಹೇಳುವಾಗ ಪಾಪ, ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ನೋಡುತ್ತಿದ್ದದ್ದು ಅವಳನ್ನು.

ಅವಳ ಕೆಲಸ ಹಳೇ ಕಾರ್ಖಾನೆಗಳನ್ನು ಕೆಡವುವುದು. ಓದಿದ್ದು ಕಟ್ಟುವುದನ್ನು, ಹೊಟ್ಟೆ ಹೊರೆಯುವುದು ಕೆಡವಿ ಎಂದು ಅವಳೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ಅವಳು ಬಂದ ವಾರದಲ್ಲೇ ಈ ಊರಿನವರು ಅವಳಿಗೆ 'ಕೆಡವೋ ಮೇಡಂ' ಎಂದು ಹೆಸರಿಟ್ಟು ಬಿಟ್ಟಿದ್ದರು. ಕೆಡವಬೇಕಾಗಿದ್ದದ್ದು ಊರ ನಡುವಿನ ನೂಲಿನ ಗಿರಣಿ. ಅದು ಮುಚ್ಚಿದಾಗ ಅವಳಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಅಂದಿನಿಂದ ಖಾಲಿ ಬಿದ್ದ ಆ ಕಟ್ಟಡ ಪಕ್ಕದ ಬೀದಿಗೆ ಬಿಸಿಲು ಬೀಳದ ಹಾಗೆ ಅಡ್ಡ ನಿಂತಿತ್ತು. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಗಿರಣಿ ಕೆಡವಿ, ಆ ಜಾಗದಲ್ಲಿ ಸಣ್ಣ ಕೈಗಾರಿಕೆಗಳಿಗೆ ಶೆಡ್ ಕಟ್ಟಿ, ಮುಂದೆ ಒಂದು ಮಾರುಕಟ್ಟೆ ಮಾಡಿದರೆ ಊರಿಗೆ ಮತ್ತೆ ಜೀವ ಬಂದೀತು ಎಂಬುದು ಎಲ್ಲರ ಆಸೆ.

ಆದರೆ ಕೆಡವುವ ಮೆಷಿನ್ ಒಳಗೆ ಬರುವ ಮುಂಚೆ ಬಳಸಲು ಬರುವ ಮರವನ್ನೆಲ್ಲ ಬಿಚ್ಚಿಕೊಳ್ಳಬೇಕು. ಆ ಕೆಲಸ ಹಳೇ ಬಾಗಿಲು ಕಿಟಕಿ ಮಾರುವ ಇವನದು. ಊರಿಗೆಲ್ಲ ಇವನು ಬರೀ 'ಕಿಟಕಿ'. ಕಿಟಕಿ 'ಮುಗೀತು' ಎನ್ನುವವರೆಗೆ ಮೆಷಿನ್ ಅಲ್ಲಾಡುವ ಹಾಗಿಲ್ಲ.

ಅವನಿಗೊಂದು ಅಭ್ಯಾಸವಿತ್ತು. ಕೆಲಸ ಮಾಡುವಾಗ ಕಿತ್ತ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಳ್ಳುತ್ತಿದ್ದ. ಆಗ ಮಾತಾಡಲು ಬರದು, ಹುಬ್ಬಿನಲ್ಲೇ ಉತ್ತರ ಕೊಡಬೇಕು. ಅವಳು ಬೇಕಂತಲೇ ಅದೇ ಹೊತ್ತಿಗೆ ಹೋಗಿ ಪ್ರಶ್ನೆ ಕೇಳುತ್ತಿದ್ದಳು.

"ನಿಮಗೆ ಇನ್ನೂ ಮದುವೆ ಯಾಕಾಗಿಲ್ಲ?"

ಎಡ ಹುಬ್ಬು ಮೇಲೆ ಹೋಯಿತು.

"ಯಾರೂ ಒಪ್ಪಲಿಲ್ವಾ?"

ಎರಡೂ ಹುಬ್ಬು ಕೆಳಗಿಳಿದವು. ಅವಳು ನಗು ತಡೆಯಲಾರದೆ ಮುಖ ಆ ಕಡೆ ತಿರುಗಿಸಿದಳು. ಇಂಥ ಚೇಷ್ಟೆ ತನ್ನಲ್ಲಿ ಎಲ್ಲಿ ಅಡಗಿತ್ತೋ ಅವಳಿಗೇ ಗೊತ್ತಿಲ್ಲ. ಇಷ್ಟು ವರ್ಷ ಊರಿಂದ ಊರಿಗೆ ಹೋಗಿದ್ದಾಳೆ. ಕಟ್ಟಡ ಬಿದ್ದ ಸಂಜೆಯೇ ಬಸ್ ಹತ್ತುವುದು ರೂಢಿ. ಬಾಡಿಗೆ ರೂಮಿನಲ್ಲಿ ಸೂಟ್‌ಕೇಸನ್ನು ಪೂರ್ತಿ ಖಾಲಿ ಮಾಡಿದ್ದೇ ಇಲ್ಲ. ಈಗ ನೋಡಿದರೆ ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ಮುಂದೆ ನಿಂತು ನೀಟಾಗಿ ತಲೆ ಬಾಚಿಕೊಳ್ಳುತ್ತಾಳೆ, ಆಮೇಲೆ ಅದರ ಮೇಲೊಂದು ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಾಳೆ.

ಒಂದು ಮಧ್ಯಾಹ್ನ ಕಿಟಕಿಯ ಅಕ್ಕ ಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು, ಕೆಂಪಾದ ಕಣ್ಣು. ಗಿರಣಿಯ ಗೋಡೆಗೆ ಎದುರಾಗಿ, ಬೀದಿಯ ಆಚೆ ಬದಿಯಲ್ಲಿ ಅವಳ ಹೊಲಿಗೆ ಅಂಗಡಿ. ನಾಲ್ಕಾರು ಹೆಂಗಸರು ನಡುಹಗಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡು ಹೊಲಿಯುತ್ತಿದ್ದರು.

"ಮೇಡಂ, ಶಾಲೆ ಯೂನಿಫಾರಂ ಹೊಲಿಯೋ ಕೆಲಸ ಕೈಗೆ ಬರೋ ಹಾಗಿದೆ. ಶೆಡ್ ಸಿಕ್ಕರೆ ಮಾತ್ರ. ಜಾಗ ಖಾಲಿ ಆಗದೆ ಶೆಡ್ ಕಟ್ಟೋಲ್ಲ ಅಂತಾರೆ. ಇನ್ನೂ ತಡ ಆದ್ರೆ ಆ ಕೆಲಸ ಬೇರೆ ಊರಿನೋರ ಪಾಲಾಗುತ್ತೆ."

"ಕಿಟಕಿಗಳು ಬಿಗಿಯಾಗಿವೆ ಅಂತ ನಿಮ್ಮ ತಮ್ಮ ಹೇಳ್ತಿದ್ದಾರೆ."

"ನನ್ನ ತಮ್ಮನಾ?" ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. "ಇದರ ದುಪ್ಪಟ್ಟು ಕಟ್ಟಡವನ್ನ ಅವನು ವಾರದೊಳಗೆ ಬೋಳು ಮಾಡಿ ನಿಲ್ಲಿಸಿದ್ದಾನೆ ಮೇಡಂ. ಇಲ್ಲಿ ಅವನ ಕೈಗೆ ಏನಾಗಿದೆಯೋ ನೀವೇ ಕೇಳಿ."

ಅವಳ ಮುಖ ಬಿಸಿಯಾಯಿತು. ಅಕ್ಕ ಹೋದ ಮೇಲೆ ಮಹಡಿ ಹತ್ತತೊಡಗಿದಳು. ಅರ್ಧ ಮೆಟ್ಟಿಲು ಹತ್ತಿದವಳು ಹಾಗೇ ನಿಂತಳು.

ಟಕ್. ಟಕ್. ಟಕ್.

ಹಳೇ ಮರದಿಂದ ಮೊಳೆ ಕೀಳುವಾಗ ಕಿರ್ರೆಂದು ಕಿರುಚುತ್ತದೆ. ಇದು ಆ ಸದ್ದಲ್ಲ. ಬೀಳಲಿರುವ ಕಟ್ಟಡದಲ್ಲಿ ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಸದ್ದು. ಕೆಡವುವ ಕಡೆ ಮೊಳೆ ಹೊಡೆಯುವವರು ಯಾರಿದ್ದಾರೆ?

ಮೇಲೆ ಹೋಗಿ ನೋಡಿದರೆ ಅವನು. ನಿನ್ನೆ ತಾನೇ, ಒಂದು ತುದಿ ಅವಳ ಕೈಗೆ ಕೊಟ್ಟು ಇಳಿಸಿದ್ದ ಚೌಕಟ್ಟನ್ನು ಮತ್ತೆ ಗೋಡೆಗೆ ಕೂರಿಸಿ, ಶ್ರದ್ಧೆಯಿಂದ ಮೊಳೆ ಹೊಡೆಯುತ್ತಿದ್ದಾನೆ. ಅವಳನ್ನು ಕಂಡದ್ದೇ ಸುತ್ತಿಗೆ ಎತ್ತಿದ ಕೈ ಅಲ್ಲೇ ನಿಂತಿತು.

"ಏನಿದು?"

ಹುಬ್ಬುಗಳು ಏನೋ ಹೇಳಲು ನೋಡಿದವು.

"ಮೊಳೆ ತೆಗೀರಿ ಬಾಯಿಂದ. ಇವತ್ತು ಹುಬ್ಬಿನ ಉತ್ತರ ನಡೆಯೋಲ್ಲ."

ಅವನು ಒಂದೊಂದೇ ಮೊಳೆ ತೆಗೆದು ಜೇಬಿಗೆ ಹಾಕಿಕೊಂಡ. ಕದ್ದು ಹಾಲು ಕುಡಿದು ಸಿಕ್ಕಿಬಿದ್ದ ಬೆಕ್ಕಿನ ಮುಖ.

"ವಾಪಸ್ ಹಾಕ್ತಿದ್ದೆ."

"ಅದು ಕಾಣ್ತಿದೆ. ಯಾವತ್ತಿಂದ?"

"ಮುಂದೆ ಯಾವ ಊರಿಗೆ ಹೋಗ್ತೀನಿ ಅಂತ ನೀವು ಫೋನಲ್ಲಿ ಹೇಳ್ತಿದ್ರಲ್ಲ, ಅದು ಕಿವಿಗೆ ಬಿದ್ದ ದಿನದಿಂದ."

ಅವಳಿಗೆ ಕೋಪ ಬಂತು. ನಗುವೂ ಬಂತು. ಎರಡರ ನಡುವೆ ಎದೆಯಲ್ಲಿ ಏನೋ ಕರಗಿದಂತಾಯಿತು. ತನ್ನನ್ನು ನಿಲ್ಲಿಸಿಕೊಳ್ಳಬೇಕೆಂದು ಇದುವರೆಗೆ ಯಾವ ಊರಿನಲ್ಲೂ ಯಾರಿಗೂ ಅನ್ನಿಸಿರಲಿಲ್ಲ.

"ಅಲ್ಲಿ ನಿಮ್ಮ ಅಕ್ಕ ನಡುಹಗಲಲ್ಲಿ ಲೈಟ್ ಹಾಕಿಕೊಂಡು ಹೊಲೀತಿದ್ದಾರೆ," ಎಂದಳು ಮೆಲ್ಲಗೆ.

ಅವನ ತಲೆ ತಗ್ಗಿತು. "ಗೊತ್ತು. ದಿನಾ ಅವಳ ಕಣ್ಣಿಗೆ ಔಷಧಿ ಹಾಕೋನು ನಾನೇ. ಹಾಕಿಬಿಟ್ಟು ಇಲ್ಲಿ ಬಂದು ಮೊಳೆ ಹೊಡೀತೀನಿ. ನಾಚಿಕೆ ಆಗುತ್ತೆ. ಆದ್ರೆ ಇದು ಬಿದ್ರೆ ನೀವು ಹೊರಟುಬಿಡ್ತೀರಲ್ಲ, ಏನು ಮಾಡ್ಲಿ?"

ಗಾಳಿಗೆ ಅವಳ ಕೂದಲೆಳೆಯೊಂದು ಹೆಲ್ಮೆಟ್ಟಿನಿಂದ ತಪ್ಪಿಸಿಕೊಂಡು ಕೆನ್ನೆಗೆ ಬಿತ್ತು. ಅವನ ಕಣ್ಣು ಅಲ್ಲಿಗೇ ಹೋಗಿ, ತಪ್ಪಾಯಿತೇನೋ ಎಂಬಂತೆ ವಾಪಸ್ ಬಂತು.

"ತಪ್ಪು ನಿಮ್ಮದೊಂದೇ ಅಲ್ಲ," ಎಂದಳು ಅವಳು. "ಒಂದು ಕಿಟಕಿ ಬಿಚ್ಚೋಕೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತಿಲ್ವಾ? ನೀವು ದಿನಾ ಬರ್ತಾ ಇಲ್ಲ ಅಂತಿದ್ರಿ, ನಾನು ದಿನಾ ಆಯ್ತು ಅಂತಿದ್ದೆ. ಮೇಲಿನೋರು ಕೇಳಿದ್ರೆ ನಾನೂ ಬಾಯಿಗೆ ಬಂದ ನೆಪ ಹೇಳ್ತಿದ್ದೆ."

ಅವನ ಮುಖ ಅರಳಿತು.

"ನಗಬೇಡಿ. ಇಬ್ಬರೂ ಸೇರಿ ಇಡೀ ಊರನ್ನ ಕಾಯಿಸಿದ್ದೀವಿ. ಹಾರೆ ಎಲ್ಲಿದೆ?"

ಆ ಮಧ್ಯಾಹ್ನ ಇಬ್ಬರೂ ಕೂಡಿಯೇ ಬಿಚ್ಚಿದರು. ಅವನು ಮೀಟಿದ, ಅವಳು ಹಿಡಿದಳು. ಮುನಿಸಿಕೊಂಡಿದ್ದ ಕಿಟಕಿಗಳೆಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು. ಕೊನೆಯ ಚೌಕಟ್ಟು ಕೆಳಗಿಟ್ಟಾಗ ಇಬ್ಬರ ಬೆರಳೂ ಒಂದರ ಮೇಲೊಂದು ಇದ್ದವು, ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಅವನು "ಮುಗೀತು" ಎಂದ. ಆ ಒಂದು ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಅವಳಿಗೆ ಕಂಡಿತು.

ಕೆಡವುವ ದಿನ ಊರಿಗೆ ಊರೇ ಹಗ್ಗದಾಚೆ ನೆರೆದಿತ್ತು. ಮೆಷಿನ್ನಿನವನು ಅವಳ ಕಡೆ ನೋಡುತ್ತ ಕುಳಿತಿದ್ದ. ಅವಳು ಕೈ ಎತ್ತಿದರೆ ಶುರು. ಎಷ್ಟೋ ಸಲ ಎತ್ತಿದ ಕೈ. ಇವತ್ತು ಕಲ್ಲು ಕಟ್ಟಿದಂತೆ ಭಾರವಾಗಿತ್ತು.

"ಎತ್ತಿ," ಎಂದ ಪಕ್ಕದಲ್ಲಿ ನಿಂತಿದ್ದ ಅವನು. "ನೀವು ಹೋಗ್ತೀರಿ ಅಂತ ಇವರನ್ನೆಲ್ಲ ಇನ್ನೂ ಕತ್ತಲಲ್ಲಿ ಇಡೋಕಾಗಲ್ಲ. ಎತ್ತಿ ಮೇಡಂ."

ಅವಳು ಕೈ ಎತ್ತಿದಳು.

ಗೋಡೆ ಮೊದಲು ಒಂದಿಷ್ಟು ಯೋಚಿಸಿತು, ಆಮೇಲೆ ಒಳಮುಖವಾಗಿ ಕುಸಿಯಿತು. ಸುತ್ತ ಎಲ್ಲವೂ ಬೂದು ದೂಳು. ಅದು ನಿಧಾನಕ್ಕೆ ಇಳಿದಾಗ ಎದುರು ಬೀದಿಯ ತುಂಬ ಬಿಸಿಲು ಬಿದ್ದಿತ್ತು. ಅಕ್ಕ ಅಂಗಡಿ ಬಾಗಿಲಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಹೊಸ ಜಾಗಕ್ಕೆ ಬಂದವಳ ಹಾಗೆ ತನ್ನದೇ ಬೀದಿಯನ್ನು ನೋಡಿದಳು. ಒಳಗೆ ಹೋಗಿ ಲೈಟ್ ಆರಿಸಿದಳು. ಹೆಂಗಸರು ನಗುತ್ತ ಒಂದು ಹೊಲಿಗೆ ಮೆಷಿನ್ನನ್ನು ಬಾಗಿಲ ತನಕ ಎಳೆದು ತಂದರು.

"ಚೆನ್ನಾಗಿದೆ," ಎಂದ ಅವನು. "ನಿಮ್ಮನ್ನ ತಡೆಯೋಕೆ ಇನ್ನು ನನ್ನ ಹತ್ರ ಒಂದು ಇಟ್ಟಿಗೆನೂ ಉಳಿದಿಲ್ಲ. ಬಾಯಿಬಿಟ್ಟೇ ಕೇಳ್ಬೇಕು. ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನ ಜೊತೆ ಇರ್ತೀರಾ?"

"ಇಷ್ಟು ಕೇಳೋಕೆ ಇಷ್ಟೆಲ್ಲ ಮೊಳೆ ಹಾಳು ಮಾಡಿದ್ರಾ?"

"ಉತ್ತರ ಹೇಳಿ. ಜೀವ ಹೋಗ್ತಿದೆ ಇಲ್ಲಿ."

"ಇರ್ತೀನಿ," ಎಂದಳು. ಅಷ್ಟು ಸುಲಭವಾಗಿ ಬಾಯಿಂದ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಕಣ್ಣು ತುಂಬಿತು. ಯಾರಾದರೂ ಕೇಳಿದರೆ ದೂಳು ಎಂದರಾಯಿತು ಎಂದುಕೊಂಡು, ಊರೆಲ್ಲ ನೋಡುತ್ತಿದ್ದ ಹಾಗೇ ಅವನ ಕೈ ಹಿಡಿದುಕೊಂಡಳು. "ಆದ್ರೆ ಮುಂದಿನ ಊರಿನ ಕೆಲಸ ಒಪ್ಪಿಕೊಂಡುಬಿಟ್ಟಿದ್ದೀನಿ. ಅಲ್ಲೂ ಹಳೇ ಕಾರ್ಖಾನೆ, ಅಲ್ಲೂ ಮರ ಬಿಚ್ಚೋರು ಬೇಕು. ಬರ್ತೀರಾ?"

"ಈಗಲೇ ಹೊರಟೆ."

"ಅಲ್ಲಿ ಕಳ್ಳಾಟ ನಡೆಯೋಲ್ಲ. ದಿನಗಟ್ಟಲೆ ಎಳೆದಾಡಿದ್ರೆ ನಾನು ಸುಮ್ಮನಿರಲ್ಲ."

"ಅಲ್ಲಿ ಯಾಕೆ ಎಳೆದಾಡ್ಲಿ?" ಎಂದ ಅವನು, ಅವಳ ಅಂಗೈಯ ದೂಳನ್ನು ತನ್ನ ಹೆಬ್ಬೆರಳಿನಿಂದ ಒರೆಸುತ್ತ. "ಬೇಗ ಮುಗಿದ್ರೆ ತಾನೇ ಇಬ್ಬರೂ ಮನೆಗೆ ಬರೋದು."