ಒಂದೇ ಹಗಲಿನ ಬಟ್ಟೆ

"ಅದೊಂದನ್ನ ಮುಟ್ಬೇಡಿ ಲೆಫ್ಟಿನೆಂಟ್ರೇ. ನಿಮ್ಮ ದಮ್ಮಯ್ಯ, ಬೇರೆ ಏನು ಬೇಕಾದ್ರೂ ಕಿತ್ಕೊಳ್ಳಿ."

ಹೀಗೆಂದವನು ಕಾರ್ಪೊರಲ್ ಕೊಟುಲ್ಲಾ. ಬೆಲರೂಸಿನ ಜವುಗು ಸೀಮೆಯ ಆ ಹಳ್ಳಿಯ ಗಡಿಯಲ್ಲಿ ಒಂದು ಮರದ ಶಿಲುಬೆ ನೆಟ್ಟಿತ್ತು. ಶಿಲುಬೆಯ ತೋಳುಗಳಿಗೆ ಅಗಸೆನಾರಿನ ಉದ್ದನೆಯ ಬಟ್ಟೆಯೊಂದನ್ನು ಸುತ್ತಿ ಕಟ್ಟಿದ್ದರು. ಸುತ್ತಲೂ ಹಿಮ ಬಿದ್ದು ಎಲ್ಲವೂ ಬೆಳ್ಳಗಿದ್ದರೂ ಆ ಬಟ್ಟೆಯ ಬಿಳುಪೇ ಬೇರೆ, ಕಣ್ಣಿಗೆ ಚುಚ್ಚುವಂಥದು. ಕೊಟುಲ್ಲಾ ಹತ್ತಿರ ಹೋಗಲಾರೆನೆಂಬಂತೆ ಎರಡು ಹೆಜ್ಜೆ ಹಿಂದೆಯೇ ನಿಂತಿದ್ದ.

ಲೆಫ್ಟಿನೆಂಟ್ ವೆಂಡೆಲಿನ್ ಹೌಸರ್ ನಕ್ಕ. ಜರ್ಮನಿಯ ಶ್ವಾಬಿಯಾ ಸೀಮೆಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವನು, ಡಿವಿಜನ್ನಿಗೆ ಬಂದು ತಿಂಗಳೂ ಆಗಿರಲಿಲ್ಲ. ಆ ಡಿವಿಜನ್ನು ಫ್ರಾನ್ಸಿನಲ್ಲಿ ಹಾಡು ಹೇಳುತ್ತ ನಡೆದಿತ್ತು, ಮಾಸ್ಕೋದ ಹಾದಿಯಲ್ಲಿ ಹಾಡು ಮರೆತಿತ್ತು, ಈಗ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಹೊರಟು ಸತ್ತ ಕುದುರೆ ಬೇಯಿಸಿಕೊಂಡು ತಿನ್ನುತ್ತಿತ್ತು. ಓಡುವ ದಂಡಿನ ಬೆನ್ನು ಕಾಯಲು ಯಾರಾದರೂ ಹಿಂದೆ ಉಳಿಯಬೇಕಲ್ಲ, ಆ ಭಾಗ್ಯ ಹೌಸರನ ತುಕಡಿಗೆ ಬಂದಿತ್ತು. ಅಪ್ಪಣೆ ಎರಡೇ ಮಾತಿನದು. ಊರಿನಲ್ಲಿ ಒಂದು ಸೂರೂ ಉಳಿಯಬಾರದು. ಹೊತ್ತು ಮುಳುಗುವುದರೊಳಗೆ ಪಡುವಣ ನದಿಯ ಸೇತುವೆ ದಾಟಿರಬೇಕು, ಆಮೇಲೆ ಅದನ್ನು ಸಿಡಿಸಿಬಿಡುತ್ತಾರೆ. ದಾಟಿದವನು ಮನೆ ಸೇರಿಯಾನು, ದಾಟದವನು ರಷ್ಯನ್ನರ ಪಾಲು.

ಆದರೆ ದಾಟಬೇಕಾದರೆ ಕಾಲು ಬೇಕು. ಈ ದಂಡಿನ ಸಿಪಾಯಿಗಳು ಕಾಲುಚೀಲ ಹಾಕುವವರಲ್ಲ, ಚೌಕ ಬಟ್ಟೆಯನ್ನು ಪಾದಕ್ಕೆ ಸುತ್ತಿ ಬೂಟಿಗೆ ಇಳಿಸುವವರು. ಆ ಬಟ್ಟೆಗಳೆಲ್ಲ ಕೊಳೆತು ಚಿಂದಿಯಾಗಿದ್ದವು. ಬೂಟು ಬಿಚ್ಚಿದರೆ ಹಳಸಿದ ಮಾಂಸದ ನಾತ. ಊರಿನಲ್ಲಿ ಬೇಕರಿ ನಡೆಸುತ್ತಿದ್ದ ಮಾತುಗಾರ ಸಿಪಾಯಿ ರಾಪ್ ಕೂಡ ಹೆಬ್ಬೆರಳು ಕರ್ರಗಾದ ದಿನದಿಂದ ಬಾಯಿ ಮುಚ್ಚಿದ್ದ.

"ಇಷ್ಟು ಒಳ್ಳೇ ಬಟ್ಟೆ ಮರಕ್ಕೆ ಸುತ್ತಿದ್ದಾರಲ್ಲಾ, ಮರಕ್ಕೇನು ಚಳಿಯೇ?" ಎಂದು ಹೌಸರ್ ಕಠಾರಿ ಎಳೆದ.

ಅಷ್ಟರಲ್ಲಿ ಊರಿನಿಂದ ಒಬ್ಬ ಮುದುಕಿ ಏದುಸಿರು ಬಿಡುತ್ತ ಬಂದಳು. ಮಲಾನ್ಯಾ ಅಂತ ಅವಳ ಹೆಸರು, ಹಿಂದಿನ ರಾತ್ರಿ ಸಿಪಾಯಿಗಳು ಮಲಗಿದ್ದು ಅವಳ ಮನೆಯ ಜಗಲಿಯಷ್ಟು ಅಗಲದ ಬೆಚ್ಚನೆಯ ಒಲೆಯ ಮೇಲೆಯೇ. ಅವಳು ಆಡಿದ್ದನ್ನು ಕೊಟುಲ್ಲಾ ಜರ್ಮನ್ನಿಗೆ ತಿರುಗಿಸಿದ. ಅವನು ಜರ್ಮನಿಯ ಮೂಡಣ ಗಡಿಯ ಮೇಲಣ ಸೈಲೀಸಿಯಾದವನು, ಅವನ ಅಜ್ಜಿಯ ಮಾತೂ ಆ ಭಾಷೆಯೂ ಅಕ್ಕತಂಗಿಯರು.

"ಊರಿನ ಹೆಂಗಸ್ರೆಲ್ಲಾ ಸೇರಿ ಒಂದೇ ಹಗಲಲ್ಲಿ ನೂಲು ತೆಗೆದು, ಅದೇ ಹಗಲಲ್ಲಿ ನೇಯ್ದು, ಹೊತ್ತು ಮುಳುಗೋದ್ರೊಳಗೆ ತಂದು ಸುತ್ತಿದ್ದಂತೆ. ಮಾರಿ ಬಂದಾಗ ಹಿಂಗೆ ಮಾಡ್ತಾರೆ, ಯುದ್ಧ ಬಂದಾಗ್ಲೂ. ಇದನ್ನ ಕಂಡ ಮಾರಿ ಊರೊಳಕ್ಕೆ ಕಾಲಿಡಲ್ಲ, ಹೊರಗೇ ಸುತ್ತು ಹಾಕುತ್ತಂತೆ."

"ಮಾರಿ ಆಗ್ಲೇ ಒಳಗೆ ಬಂದು, ಅವಳ ಆಲೂಗಡ್ಡೆ ತಿಂದು, ತೇಗಿ ನಿಂತಿದೆ ಅಂತ ಹೇಳು."

ಹುಡುಗರು ಗೊಳ್ಳೆಂದು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕಿದ್ದರು ಪಾಪ, ಹೌಸರನಿಗೆ ತನ್ನ ಮೇಲೇ ಅಭಿಮಾನ ಉಕ್ಕಿತು. ಪರ್ರ್ ಎಂದು ಬಟ್ಟೆ ಹರಿಯಿತು. ಒಳಗಿನಿಂದ ಅಗಸೆಯ, ಹೊಗೆಯ, ಹೆಂಗಸರ ಕೈಬೆವರಿನ ವಾಸನೆ ಎದ್ದಿತು.

ಮುದುಕಿ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಹಿಮದ ಮೇಲೆ ಬಿದ್ದ ಒಂದು ಎಳೆಯನ್ನು ಹೆಕ್ಕಿ ಗಂಟು ಹಾಕಿದಳು. ಗಂಟಿನ ಮೇಲೆ ಏನೋ ಊದಿದಳು. ಆಮೇಲೆ ಅದನ್ನು ನಾಲಿಗೆಯಡಿ ಇಟ್ಟುಕೊಂಡು ಹೌಸರನ ಕಾಲನ್ನೇ ನೋಡುತ್ತ ತೊದಲಿದಳು.

"ಏನಂತೆ?"

ಕೊಟುಲ್ಲಾ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದ. "ಸುತ್ಕೊಂಡವನು ಸುತ್ತುತ್ತಾನೆ ಅಂತಾಳೆ. ನೇಯ್ದ ಕೈಯೇ ಬಂದು ಬಿಚ್ಚೋ ತನಕ ಸುತ್ತುತ್ತಾನೆ. ನಂಗೆ ಬೇಡಪ್ಪಾ ಆ ಬಟ್ಟೆ, ನಾನು ಹುಲ್ಲೇ ತುಂಬ್ಕೋತೀನಿ."

"ನಿನ್ನ ಹಣೇಬರಹ," ಎಂದು ಹೌಸರ್ ಎಲ್ಲರಿಗಿಂತ ಮೊದಲು ತಾನೇ ಸುತ್ತಿಕೊಂಡ. ಆಹಾ, ಎಂಥ ಬಿಸುಪು! ಉಳಿದವರೂ ಸುತ್ತಿಕೊಂಡರು. ರಾಪ್‌ಗೆ ಮಾತು ಮರಳಿತು, ಹೆಂಡತಿಯ ಕೈಯೇ ಕಾಲು ಒತ್ತಿದ ಹಾಗಿದೆ ಅಂದ.

ಆಮೇಲೆ ಬೆಂಕಿಯ ಕೆಲಸ. ಓಡಿಹೋಗಿ ಕಾಡಿನಲ್ಲಿ ಅಡಗಿದ್ದ ಹೋರಾಟಗಾರರಿಗೆ ಸುದ್ದಿ ಮುಟ್ಟಿಸಬಾರದೆಂದು ಮಲಾನ್ಯಾಳೂ ಸೇರಿದಂತೆ ಹೆಂಗಸರನ್ನೂ ಮಕ್ಕಳನ್ನೂ ಹುಲ್ಲಿನ ಕೊಟ್ಟಿಗೆಗೆ ಕೂಡಿದರು. ಅಗುಳಿ ಹಾಕಿದವನು ಕೊಟುಲ್ಲಾ, ಹಾಕು ಅಂದವನು ಹೌಸರ್. "ಮನೆಗಳಿಗಷ್ಟೇ ಬೆಂಕಿ," ಎಂದಿದ್ದ. ಅಷ್ಟರಲ್ಲಿ ಗಾಳಿ ತಿರುಗಿತು, ಉರಿ ಕೊಟ್ಟಿಗೆಯ ಸೂರಿಗೆ ಹಾರಿತು. ಬದುಕಿದ್ದಷ್ಟು ಕಾಲವೂ ಅವನು ಹೇಳಿದ್ದು ಇದೊಂದೇ, ಗಾಳಿ ತಿರುಗಿತು ಅಂತ. ತಿರುಗಿದ್ದು ನಿಜ. ಆದರೆ ಅಗುಳಿ ತೆಗೆಯಲು ಬೇಕಾದಷ್ಟು ಹೊತ್ತಿತ್ತು, ಕೊಟುಲ್ಲಾ ಅಪ್ಪಣೆಗೆ ಕಾದು ಅವನ ಮುಖವನ್ನೇ ನೋಡುತ್ತ ನಿಂತಿದ್ದ, ಹೌಸರ್ ಸೂರ್ಯನ ಕಡೆ ನೋಡಿ "ನಡೀರಿ, ಸೇತುವೆ," ಅಂದ. ಅದೂ ನಿಜವೇ.

ಕೊಟ್ಟಿಗೆಯ ಬಾಗಿಲನ್ನು ಒಳಗಿನಿಂದ ಬಡಿಯುತ್ತಿದ್ದರು. ಧಡ್. ಧಡ್. ಎಲ್ಲ ಕೈಗಳೂ ಒಟ್ಟಿಗೆ, ಮಗ್ಗದ ಹಲಗೆ ಬಡಿದ ಹಾಗೆ. ಊರು ದಾಟುವವರೆಗೂ ಆ ಸದ್ದು ಬೆನ್ನಿಗೆ ಬಿತ್ತು, ಆಮೇಲೆ ನಿಂತಿತು.

ದಾರಿ ನೇರವಾದದ್ದು, ಮಕ್ಕಳೂ ತಪ್ಪುವಂಥದಲ್ಲ. ಮಂಜು ಇಳಿದಿತ್ತು. ಸುಟ್ಟ ಹುಲ್ಲಿನ ವಾಸನೆ, ಅದರ ಅಡಿಯಲ್ಲಿ ಹೆಸರು ಹೇಳಬಾರದ ಇನ್ನೊಂದು ವಾಸನೆ. ಕಾಲುಗಳು ಮಾತ್ರ ಹಗುರವಾಗಿ, ತಾವೇ ನಡೆದವು. ಬಹಳ ದೂರ ನಡೆದ ಮೇಲೆ ಮಂಜಿನಲ್ಲಿ ಏನೋ ಉದ್ದಕ್ಕೆ ಕಂಡಿತು. ಸೇತುವೆಯ ಕಂಬ ಅಂದುಕೊಂಡರು.

ಶಿಲುಬೆ. ತೋಳಿನಲ್ಲಿ ಹರಿದ ಬಟ್ಟೆಯ ಒಂದು ತುಂಡು ಅಲುಗುತ್ತಿತ್ತು.

"ಗಣಿತದ ಮೇಷ್ಟ್ರು ನೇರ ಗೆರೆ ಎಳೆಯೋದು ಹಿಂಗೇನಾ?" ಎಂದ ರಾಪ್. ನಕ್ಕರು. ಹೌಸರನೂ ನಕ್ಕ, ದಿಕ್ಸೂಚಿ ತೆಗೆದು ಅಂಗೈ ಮೇಲಿಟ್ಟು, ಅದರ ಮುಳ್ಳಿನಿಂದ ಕಣ್ಣು ಕದಲಿಸದೆ ಹೊರಟ. ಪಡುವಣಕ್ಕೆ. ಪಡುವಣಕ್ಕೇ.

ಮತ್ತೆ ಶಿಲುಬೆ.

ಈಗ ಯಾರೂ ನಗಲಿಲ್ಲ. ಕೊಟುಲ್ಲಾ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಲೆಫ್ಟಿನೆಂಟ್ರೇ, ದಾರಿ ನೇರವಾಗೇ ಹೋಗುತ್ತೆ. ನಂಗೆ ಕಾಣುತ್ತೆ. ದಾರೀಲಿ ಒಂದು ಬೇಲಿ ಇದೆಯಲ್ಲ, ಅಲ್ಲಿಗೆ ಬಂದ ಕೂಡ್ಲೇ ನೀವೆಲ್ಲಾ ಒಟ್ಟಿಗೆ ಎಡಕ್ಕೆ ಹೊರಳ್ತೀರಿ. ಎರಡು ಸಲವೂ ಕೂಗ್ದೆ, ಅಂಗಿ ಹಿಡಿದು ಎಳ್ದೆ. ಒಬ್ರೂ ತಿರುಗಿ ನೋಡ್ಲಿಲ್ಲ."

ಹೌಸರ್ ಹಿಮದ ಮೇಲೆ ಕುಕ್ಕರಿಸಿದ. "ಬೂಟು ಬಿಚ್ಚಿ!" ಎಂದು ಕಿರುಚಿದ.

ಎಳೆದರು. ಬರಲಿಲ್ಲ. ಕಠಾರಿಯಿಂದ ಬೂಟಿನ ಚರ್ಮ ಸೀಳಿದರು. ಒಳಗೆ ಬಟ್ಟೆ. ಕೊನೆ ಎಲ್ಲಿ, ಮೊದಲೆಲ್ಲಿ? ಇಲ್ಲ. ಎಳೆಯೊಂದೂ ಬಿಡಲಿಲ್ಲ. ಉಗುರು ಹಾಕಿದರೆ ರಕ್ತ ಬಂತು. ಬಟ್ಟೆಯಿಂದ ರಕ್ತ. ಚರ್ಮ ಯಾವುದು, ಬಟ್ಟೆ ಯಾವುದು? ಅದು ಬಿಗಿಯಿತು. ಇನ್ನೂ ಬಿಗಿಯಿತು. ಮಂಜಿನೊಳಗಿಂದ ಸದ್ದು. ಧಡ್. ಧಡ್. ಯಾರೋ ನೇಯುತ್ತಿದ್ದಾರೆ. ಕುಳಿತವರ ಕಾಲುಗಳು ತಾವಾಗಿಯೇ ಎದ್ದವು. ಕಾಲಿನ ಹಿಂದೆ ಮನುಷ್ಯರು ಎದ್ದರು.

"ಅವಳನ್ನ ಕರಿ! ಬಂದು ಬಿಚ್ಚಲಿ! ಬಿಚ್ಚಿದ್ರೆ ಬಿಡ್ತೀವಿ ಅನ್ನು!"

"ಯಾರನ್ನ ಕರೀಲಿ ಲೆಫ್ಟಿನೆಂಟ್ರೇ?" ಕೊಟುಲ್ಲಾ ಅಳುತ್ತಿದ್ದ. "ನೇಯ್ದ ಕೈಗಳೆಲ್ಲಾ ಆ ಕೊಟ್ಟಿಗೇಲಿದ್ವು. ಅಗುಳಿ ಹಾಕಿದ್ದು ನಾನೇ ಅಲ್ವಾ!"

ಹೌಸರನ ಕಣ್ಣು ಮೆಷಿನ್‌ಗನ್ ಹೊತ್ತ ಜಾರುಬಂಡಿಯ ಮೇಲೆ ಬಿತ್ತು. ಲೆಕ್ಕದ ತಲೆ, ಅಂಥ ಹೊತ್ತಿನಲ್ಲೂ ಲೆಕ್ಕ ಹಾಕಿತು. ನೆಲ ಮುಟ್ಟದ ಕಾಲು ಸುತ್ತಲಾರದು. ಗನ್ ಉರುಳಿಸಿ ಬಂಡಿಯ ಮೇಲೆ ಬಿದ್ದು, ಕಾಲುಗಳನ್ನು ಬೆಲ್ಟಿನಿಂದ ಬಂಡಿಗೇ ಬಿಗಿದ. "ಎಳಿ ಕೊಟುಲ್ಲಾ. ಇದು ಅಪ್ಪಣೆ."

"ಲೆಫ್ಟಿನೆಂಟ್ರೇ, ನಮ್ಮನ್ನ?" ಎಂದ ರಾಪ್. ಅವನ ಮುಖ ಇತ್ತ ತಿರುಗಿತ್ತು, ಕಾಲು ಅತ್ತ ಹೊರಟಿತ್ತು. ಹಾಗೆಯೇ ಮಂಜಿನೊಳಗೆ ಹೋದ. ಅವನ ಹಿಂದೆ ಉಳಿದವರು, ಸಾಲಾಗಿ, ಎಡಕ್ಕೆ.

ಬಂಡಿ ಸೇತುವೆ ದಾಟುವಾಗ ಸೂರ್ಯ ಕಾಡಿನ ತುದಿಯಲ್ಲಿದ್ದ. ಸಿಡಿಮದ್ದಿನವರು ಬತ್ತಿ ಹಿಡಿದು ಕಾದಿದ್ದರು.

"ಉಳಿದವರು ಎಲ್ಲಿ?"

"ಇನ್ನೂ ಹೊತ್ತಿದೆ," ಎಂದ ಕೊಟುಲ್ಲಾ. "ಒಬ್ಬೊಬ್ಬರನ್ನೇ ಬಂಡೀಲಿ ತರ್ತೀನಿ. ರಾಪ್‌ನಾದ್ರೂ ತರ್ತೀನಿ. ಸ್ವಲ್ಪ ಕಾಯಿರಪ್ಪಾ."

ಮದ್ದಿನವರು ಹೌಸರನ ಕಡೆ ನೋಡಿದರು. ಕಾದರೆ ಆ ಹುಡುಗರು ಬಂದು ನಡೆದದ್ದನ್ನೆಲ್ಲ ಬಾಯಿಬಿಟ್ಟಾರು. ಕಾದರೆ ಆ ಧಡ್ ಧಡ್ ಕೂಡ ಸೇತುವೆ ದಾಟಿ ಬಂದೀತು.

"ಯಾರೂ ಉಳಿದಿಲ್ಲ. ಸಿಡಿಸಿ," ಎಂದ ಹೌಸರ್.

ಕೊಟುಲ್ಲಾ ಅವನ ಬೆಲ್ಟನ್ನು ಕತ್ತರಿಸಿ, ಮೂಟೆ ಇಳಿಸುವ ಹಾಗೆ ಹಿಮದ ಮೇಲೆ ಇಳಿಸಿದ. "ಇವತ್ತಿಗೆ ಅಗುಳಿ ಹಾಕಿದ್ದು ಸಾಕು ಲೆಫ್ಟಿನೆಂಟ್ರೇ," ಎಂದು ಖಾಲಿ ಬಂಡಿ ಎಳೆದುಕೊಂಡು, ಬಂದ ಸೇತುವೆಯ ಮೇಲೇ ಮರಳಿ ಓಡಿದ. ಸೇತುವೆ ಸಿಡಿಯುವುದರೊಳಗೆ ಅವನು ಆಚೆ ದಡ ಮುಟ್ಟಿದನೋ ಇಲ್ಲವೋ, ಯಾರಿಗೆ ಗೊತ್ತು.

ಆಸ್ಪತ್ರೆಯಲ್ಲಿ ಹೌಸರನ ಕಾಲುಗಳನ್ನು ಮೊಣಕಾಲ ಕೆಳಗೆ ಕತ್ತರಿಸಿದರು. ಬಟ್ಟೆ ಬಿಚ್ಚಲು ವೈದ್ಯರಿಗೂ ಆಗಲಿಲ್ಲ, ಅದನ್ನೂ ಸೇರಿಸಿಯೇ ಒಲೆಗೆ ಹಾಕಿದರು. ಅವನು ಮನೆ ಸೇರಿದ. ಪಿಂಚಣಿ ಬಂತು, ಪದಕ ಬಂತು.

ಎಷ್ಟೋ ವರ್ಷದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಡಿವಿಜನ್ನಿನ ಹಳಬರೆಲ್ಲ ಬಿಯರ್ ಅಂಗಡಿಯಲ್ಲಿ ಸೇರಿದ್ದರು. ಡಿವಿಜನ್ನಿನ ಯುದ್ಧ ಚರಿತ್ರೆಯನ್ನು ಪುಸ್ತಕ ಮಾಡಿಸುತ್ತಿದ್ದರು, ಬಂಗಾರದ ಅಕ್ಷರ, ದಪ್ಪ ರಟ್ಟು. ಬರೆಯುತ್ತಿದ್ದವನು ಹಿಂದೆ ರೆಜಿಮೆಂಟಿನ ಕಚೇರಿಯಲ್ಲಿದ್ದ ಫೋಗ್ಟ್. ಹಂದಿಮಾಂಸ ಜಗಿಯುತ್ತಲೇ ಕೇಳಿದ.

"ನಿಮ್ಮ ತುಕಡಿ ಬಗ್ಗೆ ಚೆನ್ನಾಗಿ ಬರ್ದಿದೀನಿ ಹೌಸರ್. ಬೆನ್ನು ಕಾಯ್ತಾ ವೀರಮರಣ ಅಂತ. ಆ ಊರಿನ ಹೆಸರೊಂದು ಹೇಳಿಬಿಡಿ, ನಕ್ಷೆಗೆ ಬೇಕು."

ಹೌಸರ್ ಬಾಯಿ ತೆರೆದ. ಊರಿನ ಹೆಸರು? ಅವನು ಕೇಳಿರಲೇ ಇಲ್ಲ. ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

"ಹೋಗ್ಲಿ ಬಿಡಿ. ನಿಮ್ಮ ಹುಡುಗರನ್ನ ಕೊನೇ ಸಲ ಕಂಡಿದ್ದು ಯಾವಾಗ?"

ಹೌಸರನ ಇಲ್ಲದ ಪಾದಗಳ ಅಡಿಯಲ್ಲಿ ಹಿಮ ಕರಕರ ಎನ್ನುತ್ತಿತ್ತು. ಬಲಗಡೆ ರಾಪ್‌ನ ಉಸಿರು. ಹಿಂದೆ ಖಾಲಿ ಬಂಡಿಯ ಸದ್ದು. ಬೇಲಿ ಬಂತು, ಕಾಲು ಎಡಕ್ಕೆ ಹೊರಳಿತು.

"ಈಗ ತಾನೇ," ಎಂದ. "ಶಿಲುಬೆ ಹತ್ರ."

ಫೋಗ್ಟ್ ಹೋ ಎಂದು ನಕ್ಕು, ಅವನ ಬೆನ್ನು ತಟ್ಟಿ, ಗತಿಸಿದವರ ಹೆಸರಿನಲ್ಲಿ ಬಟ್ಟಲು ಎತ್ತೋಣ ಅಂದ. ಎಲ್ಲರೂ ಕುಡಿದು, ವಾಡಿಕೆಯಂತೆ ಖಾಲಿ ಬಟ್ಟಲುಗಳನ್ನು ಒಟ್ಟಿಗೆ ಮೇಜಿಗೆ ಬಡಿಯತೊಡಗಿದರು. ಧಡ್. ಧಡ್. ಹೌಸರ್ ಎರಡೂ ಕಿವಿ ಮುಚ್ಚಿಕೊಂಡು "ಅಗುಳಿ ತೆಗೀರಿ, ಯಾರಾದ್ರೂ ಅಗುಳಿ ತೆಗೀರಿ" ಎಂದು ಕೂಗುತ್ತಿದ್ದ. ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.