ಹಮ್ಮಣ್ಣನ ಹೆಸರಿಗೆ ಬಿದ್ದ ಕೆಲಸ

ಹೊನ್ನಾವರದ ಸೇತುವೆ ಕಾಮಗಾರಿಯಲ್ಲಿ ಯಾರಿಗೆ ಯಾವ ಕೆಲಸ ಎಂದು ಕಂಪ್ಯೂಟರಿನಲ್ಲಿ ಹಂಚುವವನು ನಾನು. ಮುಳುಗುಗಾರ ಹಮ್ಮಣ್ಣ ಮೂರನೇ ಕಂಬದ ಬುಡದಲ್ಲಿ ತೀರಿಕೊಂಡಾಗ, ಹನ್ನೆರಡನೇ ದಿನದ ಕಾರ್ಯ ಮುಗಿಯದೆ ಪಟ್ಟಿಯಿಂದ ಅವನ ಹೆಸರು ಅಳಿಸಲು ಮನಸ್ಸಾಗಲಿಲ್ಲ. ಒಂಬತ್ತನೇ ದಿನ, ಬಿಡುವಿದ್ದವರನ್ನು ತಾನೇ ಹುಡುಕುವ ಕಂಪ್ಯೂಟರಿನ ತಂತ್ರಾಂಶ, ಅದೇ ಬುಡದ ಎಂಟು ಬೋಲ್ಟ್ ಬಿಗಿಯುವ ಕೆಲಸವನ್ನು ಅವನಿಗೇ ಕೊಟ್ಟಿತ್ತು. ನಾನು ಬೆಚ್ಚಿ, ಉಳಿದಿದ್ದ ಒಬ್ಬನೇ ಮುಳುಗುಗಾರ ದಿವಾಕರನನ್ನು ಕರೆಸಿದೆ.

“ಅಲ್ಲಿಗೆ ನನ್ನನ್ನೂ ಕಳಿಸ್ತ್ರಾ? ಮನೇಲಿ ಸಣ್ಣ ಕೂಸದೆ ಮಾರಾಯ್ರೆ,” ಎನ್ನುತ್ತ ಮೇಜಿನ ಮೇಲಿದ್ದ, ಹಮ್ಮಣ್ಣ ಬೋಲ್ಟ್ ಬಿಗಿಯುತ್ತಿದ್ದ ಪಾನಾ ಎತ್ತಿಕೊಂಡವನು ಕೈ ಕೊಡವಿದ. “ಇದೆಂತ, ಇಷ್ಟು ತಂಪು?”

ಮೇ ತಿಂಗಳ ಮಧ್ಯಾಹ್ನ. ಪಾನಾದಿಂದ ನೀರು ತೊಟ್ಟಿಕ್ಕುತ್ತಿತ್ತು. ಪರದೆಯ ಮೇಲೆ ಹಮ್ಮಣ್ಣನ ಹೆಸರಿನೆದುರು ‘ಪೂರ್ಣ’ ಎಂದು ಬಂದಿತ್ತು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೋಡಿ ಬರಲು ಇಳಿದ ದಿವಾಕರ ಬೇಗನೆ ಮೇಲೆ ಬಂದ.

“ಎಂಟೂ ಬಿಗಿದಾಗಿದೆ,” ಎಂದ.