ಹೊಗೆಯಾಡುವ ಕ್ಯಾನು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಬೆಸಗರಹಳ್ಳಿಯ ಕೆಂಪರಾಜು ಠಾಣೆಗೆ ಬಂದು ದೂರು ಬರೆದುಕೊಟ್ಟ. ಅವನ ತಾಯಿ ಮಂಚಮ್ಮನ ಸವೆದ ಮಂಡಿಗೆ ಯಾರೋ ಸವೆದದ್ದನ್ನು ಮತ್ತೆ ಬೆಳೆಸುವ ‘ಸ್ಟೆಮ್ ಸೆಲ್’ ಎಂದು ಸೂಜಿ ಹಾಕಿದ್ದರು. ಐದನೇ ದಿನಕ್ಕೆ ಮಂಡಿ ಕೀವುಗಟ್ಟಿ, ಅವಳೀಗ ಮಂಡ್ಯದ ಆಸ್ಪತ್ರೆಯಲ್ಲಿದ್ದಳು. ಒಳಗೆ ಹೋಗಿದ್ದು ಏನೆಂದು ತಿಳಿಯದಿದ್ದರೆ ಕಾಲು ಉಳಿಸುವುದು ಕಷ್ಟ ಎಂದಿದ್ದರು ವೈದ್ಯರು. ಮಂಚಮ್ಮ ಮಾತ್ರ ಸೂಜಿ ಹಾಕಿದವನ ಹೆಸರು ಹೇಳಳು.

“ಯಾಕಂತೆ?” ಇನ್‌ಸ್ಪೆಕ್ಟರ್ ನಯನ ಕೇಳಿದರು.

“ಇನ್ನೊಂದು ಸೂಜಿ ಬಾಕಿ ಅದಂತೆ ಮೇಡಂ. ಯೋಳುದ್ರೆ ಅವ್ನು ಬರಕಿಲ್ವಂತೆ.”

ಎಫ್‌ಐಆರ್ ದಾಖಲಾಯಿತು. ನಯನ, ಕಾನ್‌ಸ್ಟೇಬಲ್ ಮಹದೇವು ಎರಡು ದಿನ ಬಿಸಿಲಲ್ಲಿ ಅಲೆದು, ಅದೇ ಸೂಜಿ ಹಾಕಿಸಿಕೊಂಡ ಒಂಬತ್ತು ಹೆಂಗಸರನ್ನು ಪತ್ತೆ ಮಾಡಿದರು. ಒಬ್ಬಳೂ ಹೇಳಿಕೆ ಕೊಡಲಿಲ್ಲ. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂರಲಾಗದವರು ಈಗ ಗದ್ದೆಗೆ ಹೋಗುತ್ತಿದ್ದರು. ಏನು ಕೇಳಿದರೂ ಮರೆತುಹೋಯಿತು ಎನ್ನುವರು. ಹೊಂಬಾಳಮ್ಮ ಎಂಬಾಕೆಯಂತೂ ಪೊಲೀಸರಿಗೇ ಬೈದಳು.

“ನಿಮ್ ಡಾಕ್ಟ್ರು ನಾಕು ವರ್ಸ ಗುಳಿಗೆ ಕೊಟ್ರಲ್ಲ, ಏನಾಯ್ತು? ಇವನ್ದು ಮಾಮೂಲಿ ಔಸ್ದಿ ಅಲ್ಲ ಕಣಮ್ಮ. ಕ್ಯಾನಿನ ಮುಚ್ಚಳ ತೆಗುದ್ರೆ ಬೆಳ್ಳಗೆ ಹೊಗೆ ಬತ್ತಿತ್ತು.”

ಬರೆಯುತ್ತಿದ್ದ ಮಹದೇವು ಪೆನ್ನು ನಿಲ್ಲಿಸಿದ. ಅವನ ಮನೆಯಲ್ಲೂ ಹಸುಗಳಿದ್ದವು. ಹೊರಗೆ ಬಂದು ಹೇಳಿದ: “ಮೇಡಂ, ಡೇರಿಯಿಂದ ಹಸೀಗೆ ಗರ್ಭ ಕಟ್ಸಕೆ ಬರೋರು ವೀರ್ಯ ತರೋ ನೈಟ್ರೋಜನ್ ಕ್ಯಾನೂ ಹಂಗೇ ಹೊಗೆ ಬುಡ್ತದೆ.”

“ಹಸು ಕಟ್ಟಿರೋನು ನೀನು. ಔಷಧಿ ಯಾವುದರಲ್ಲಿ ತಂದ ಅಂತ ಮೊನ್ನೆಯೇ ಇವರನ್ನ ಕೇಳಬಾರದಿತ್ತೇನಯ್ಯ?” ಎಂದರು ನಯನ. ಸಿಟ್ಟು ಯಾರ ಮೇಲೆಂದು ಅವರಿಗೇ ತಿಳಿಯಲಿಲ್ಲ.

ಡೇರಿಯಲ್ಲಿ ವಿಚಾರಿಸಿದರು. ಆ ಕೆಲಸ ಮಾಡುತ್ತಿದ್ದ ಕೊಪ್ಪದ ಸಿದ್ದರಾಮು ಹೋದ ವರ್ಷ ಕೆಲಸ ಬಿಟ್ಟಿದ್ದ. ಕ್ಯಾನು ವಾಪಸು ಕೊಟ್ಟಿರಲಿಲ್ಲ.

ಮಾರ್ಚ್ ಹದಿಮೂರು, ಮಧ್ಯಾಹ್ನ ಮೂರು ಗಂಟೆ. ಸಿದ್ದರಾಮುವಿನ ಮನೆಯಲ್ಲಿ ಪಂಚರ ಎದುರು ಕ್ಯಾನು, ಸಿರಿಂಜುಗಳು, ಸ್ಟೀರಾಯ್ಡ್ ಸೀಸೆಗಳು ಸಿಕ್ಕವು. ಪಂಚನಾಮೆಗೆ ಮೊದಲು ನಯನ ಆಸ್ಪತ್ರೆಗೆ ಫೋನ್ ಮಾಡಿ ಸೀಸೆಯ ಮೇಲಿನ ಹೆಸರು ಓದಿ ಹೇಳಿದರು. ಕಾಲು ಉಳಿಯಬಹುದು, ಆದರೆ ಮಂಡಿ ಮಡಚುವ ಮಾತು ಬೇಡ ಎಂದರು ವೈದ್ಯರು.

“ಮೊದಲು ಯಾರಿಗೆ ಹಾಕಿದೆ?” ನಯನ ಸಿದ್ದರಾಮುವನ್ನು ಕೇಳಿದರು.

“ನಮ್ಮವ್ವಂಗೆ. ದೊಡ್ಡಾಸ್ಪತ್ರೇಲಿ ನಿಜವಾದ ಸ್ಟೆಮ್ ಸೆಲ್ಲೇ ಹಾಕ್ಸಿದ್ದೆ ಮೇಡಂ, ಏನೂ ಆಗ್ನಿಲ್ಲ. ಇದ್ನ ಹಾಕ್ದೆ, ಎದ್ದು ಕೊಟ್ಟಿಗೆ ಗಂಟ ನಡುದ್ಲು. ಕಂಡೋರು ನಮಗೂ ಹಾಕು ಅಂದ್ರು. ಹೊಗೆ ತೋರುಸ್ದೆ ಬರೀ ನೋವಿನ ಸೂಜಿ ಅಂದಿದ್ರೆ ಯಾರ್ ನಂಬೋರು?”

ಮಂಚದ ಮೇಲೆ ಕೂತಿದ್ದ ಅವನ ತಾಯಿ ಎರಡೂ ಕೈಯಲ್ಲಿ ಕಾಲೆತ್ತಿ ಕೆಳಗಿಟ್ಟಳು. ಅಳಲಿಲ್ಲ.

“ಕರ್ಕಂಡೋಗವ್ವ. ನಂಗೆ ಮುಂದ್ಲು ಸೂಜಿ ಯಾರು ಹಾಕ್ತಾರೆ, ಅದೊಂದ ಯೋಳ್ಬುಟ್ಟು ಓಗು.”

ಬಂಧನದ ಸಮಯ ನಾಲ್ಕು ಗಂಟೆ ಹತ್ತು ನಿಮಿಷ ಎಂದು ಮಹದೇವು ಬರೆದುಕೊಂಡ.